ಓಡುವ ಮಗುವಿನ ಜೊತೆ ವಾಕಿಂಗ್: ಎಲ್ಲಿ ಕೈ ಹಿಡಿಯಬೇಕು, ಎಲ್ಲಿ ಬಿಡಬೇಕು

ನಡೆಯಲು ಕಲಿತ ಮಗು ನಡೆಯುವುದಿಲ್ಲ, ಓಡುತ್ತದೆ. ಒಂದೂವರೆ ವರ್ಷದಿಂದ ಮೂರು ವರ್ಷದ ತನಕ ಬಹಳ ಮನೆಗಳಲ್ಲಿ ಇದೇ ಕಥೆ. ಗೇಟು ತೆಗೆದ ಕೂಡಲೇ ರಸ್ತೆ ಕಡೆಗೆ, ಪಾರ್ಕಿಗೆ ಹೋದ ಕೂಡಲೇ ಜಾರುಬಂಡೆಯ ತುದಿಗೆ, ನಾಯಿ ಕಂಡರೆ ಅದರ ಬಾಲಕ್ಕೆ. ಹಿಂದೆ ಓಡುವ ಅಪ್ಪ ಅಮ್ಮನ ಬಾಯಲ್ಲಿ 'ಬೇಡ', 'ಬೀಳ್ತೀಯಾ', 'ಹುಷಾರು' ಬಿಟ್ಟರೆ ಬೇರೆ ಮಾತಿಲ್ಲ. ಅರ್ಧ ಗಂಟೆಗೇ ಇಬ್ಬರಿಗೂ ಸಾಕಾಗುತ್ತದೆ. ಮಗುವನ್ನು ಎತ್ತಿಕೊಂಡು ಮನೆಗೆ ಬಂದು, ಮೊಬೈಲ್ ಕೊಟ್ಟು ಕೂರಿಸುತ್ತಾರೆ.

ನನ್ನ ಅಭಿಪ್ರಾಯ ಇಷ್ಟು. ಹೊರಗೆ ಜೀವಕ್ಕೇ ಕುತ್ತು ತರುವ ಸಂಗತಿಗಳು ಕೆಲವೇ: ವಾಹನ, ನೀರು, ಕರೆಂಟು, ನಾಯಿ, ಆಳದ ಗುಂಡಿ. ಇವುಗಳ ವಿಷಯದಲ್ಲಿ ಮಗುವಿನ ಜೊತೆ ಚೌಕಾಸಿಗೆ ಇಳಿಯಬೇಡಿ. ಉಳಿದಿದ್ದರಲ್ಲಿ ಆದಷ್ಟು ಬಿಟ್ಟುಬಿಡಿ. 'ಬೇಡ' ಅನ್ನುವುದು ಜೇಬಿನಲ್ಲಿರುವ ದುಡ್ಡಿದ್ದ ಹಾಗೆ. ಮಣ್ಣು ಮುಟ್ಟಬೇಡ, ಕಲ್ಲು ಹತ್ತಬೇಡ ಅಂತ ಎಲ್ಲಾ ಖರ್ಚು ಮಾಡಿಕೊಂಡರೆ, ರಸ್ತೆ ಅಂಚಿನಲ್ಲಿ ಬೇಕಾದಾಗ ಏನೂ ಉಳಿದಿರುವುದಿಲ್ಲ.

ಮಗುವಿಗೆ ಓಡಾಟ ಬೇಕೇ ಬೇಕು. ಒಂದರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 180 ನಿಮಿಷ ಮೈ ಆಡಿಸಬೇಕು, ತಳ್ಳುಗಾಡಿಯಲ್ಲೋ ಕುರ್ಚಿಯಲ್ಲೋ ಒಂದೇ ಸಮ ಒಂದು ಗಂಟೆಗಿಂತ ಜಾಸ್ತಿ ಕಟ್ಟಿ ಕೂರಿಸಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಕೆನಡಾದ ಮಕ್ಕಳ ವೈದ್ಯರ ಸಂಘ 2024ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಸ್ವಲ್ಪ ಅಪಾಯ ಇರುವ ಹೊರಾಂಗಣ ಆಟಕ್ಕೆ ಮಕ್ಕಳನ್ನು ಬಿಡಿ ಅಂತಲೇ ಸಲಹೆ ಕೊಟ್ಟಿತು. ಅವರ ಫುಟ್‌ಪಾತ್ ಬೇರೆ, ನಮ್ಮ ಫುಟ್‌ಪಾತ್ ಬೇರೆ, ನಿಜ. ಹಾಗಾಗಿ ಕೆಳಗಿರುವುದೆಲ್ಲ ನಮ್ಮ ರಸ್ತೆ, ನಮ್ಮ ಪಾರ್ಕು, ನಮ್ಮ ತೋಟದ ಲೆಕ್ಕದಲ್ಲಿ.

ಹಂತ 1: ಮೊದಲು ನೀವೊಬ್ಬರೇ ಹೋಗಿ ಬನ್ನಿ

ದಿನಾ ಹೋಗುವ ದಾರಿಯನ್ನೇ ಒಮ್ಮೆ ಮಗು ಇಲ್ಲದೆ ನಡೆದು ನೋಡಿ. ಎರಡು ವರ್ಷದ ಮಗುವಿನ ಎತ್ತರ ಸುಮಾರು 85 ಸೆಂಟಿಮೀಟರ್. ನಾಲ್ಕಾರು ಕಡೆ ಕುಕ್ಕರಗಾಲಲ್ಲಿ ಕೂತು ಆ ಎತ್ತರದಿಂದ ನೋಡಿ. ಜನ ವಿಚಿತ್ರವಾಗಿ ನೋಡಬಹುದು, ನೋಡಲಿ. ನಿಂತಾಗ ಕಾಣದ ಎಷ್ಟೋ ಸಂಗತಿ ಆಗ ಕಾಣುತ್ತದೆ: ಕಂಬದ ಬುಡದಲ್ಲಿ ಬಾಯಿ ತೆರೆದ ಕರೆಂಟ್ ಡಬ್ಬ, ಬೇಲಿಯ ಮುಳ್ಳುತಂತಿಯ ತುದಿ, ಸರಿಯಾಗಿ ಮಗುವಿನ ಮುಖದ ಎತ್ತರಕ್ಕೆ ಬರುವ ಬೈಕಿನ ಬಿಸಿ ಸೈಲೆನ್ಸರ್.

ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಫುಟ್‌ಪಾತ್ ಅಂದರೆ ಚರಂಡಿ ಮೇಲೆ ಹಾಸಿದ ಕಲ್ಲು ಚಪ್ಪಡಿ. ಯಾವ ಚಪ್ಪಡಿ ಅಲುಗಾಡುತ್ತದೆ, ಎಲ್ಲಿ ಎರಡು ಚಪ್ಪಡಿ ನಡುವೆ ಮಗುವಿನ ಕಾಲು ತೂರುವಷ್ಟು ಸಂದಿ ಇದೆ ಅಂತ ಕಾಲಿಟ್ಟು ನೋಡಿ. ಯಾವ ಮನೆಯ ಕಾರು ಗೇಟಿನಿಂದ ಹಿಮ್ಮುಖವಾಗಿ ಬರುತ್ತದೆ? ಬೀದಿನಾಯಿಗಳಿಗೆ ಯಾರು ಎಲ್ಲಿ ಅನ್ನ ಹಾಕುತ್ತಾರೆ? ಎಲ್ಲಿ ಮನೆ ಕಟ್ಟುತ್ತಿದ್ದಾರೆ, ಅಲ್ಲಿನ ಸಂಪಿನ (ನೆಲದಡಿಯ ನೀರಿನ ತೊಟ್ಟಿಯ) ಮೇಲೆ ಮುಚ್ಚಳ ಇದೆಯಾ? ಅರ್ಧ ಕಟ್ಟಿದ ಮನೆಯ ತೆರೆದ ಸಂಪು ನಮ್ಮ ಊರುಗಳ ದೊಡ್ಡ ಅಪಾಯ. ಮೇಲೆ ಒಂದು ಪ್ಲೈವುಡ್ ತುಂಡು ಹಾಕಿದ್ದರೆ ಇನ್ನೂ ಕೆಟ್ಟದ್ದು, ಏಕೆಂದರೆ ನೋಡಲು ಅದು ನೆಲದಂತೆಯೇ ಕಾಣುತ್ತದೆ.

ಜೋತುಬಿದ್ದ ತಂತಿ, ತೆರೆದ ಡಬ್ಬ ಕಂಡರೆ ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ ಹೇಳಿ. 2023ರ ನವೆಂಬರ್‌ನಲ್ಲಿ ಬೆಂಗಳೂರಿನ ಕಾಡುಗೋಡಿಯಲ್ಲಿ ಫುಟ್‌ಪಾತ್ ಮೇಲೆ ಬಿದ್ದಿದ್ದ ತಂತಿ ತಗುಲಿ ಒಬ್ಬ ತಾಯಿ, ಅವರ ತೋಳಲ್ಲಿದ್ದ ಒಂಬತ್ತು ತಿಂಗಳ ಮಗು ಇಬ್ಬರೂ ತೀರಿಹೋದರು. ಬೆಳಕು ಹರಿಯುವ ಮುಂಚೆ ನಡೆದ ಘಟನೆ ಅದು. ಮಗುವಿನ ಜೊತೆ ಹೊರಡುವುದಾದರೆ ಪೂರ್ತಿ ಬೆಳಕಾದ ಮೇಲೆಯೇ ಹೊರಡಿ.

ಹೀಗೆ ನೋಡಿ ಬಂದ ಮೇಲೆ ದಾರಿ ಬದಲಿಸಬೇಕು ಅನ್ನಿಸಿದರೆ ಬದಲಿಸಿ. ಸುತ್ತು ಜಾಸ್ತಿಯಾದರೂ ಪರವಾಗಿಲ್ಲ. ಈ ವಯಸ್ಸಿನ ಮಗುವಿಗೆ ತಲುಪುವ ಜಾಗ ಅಂತ ಒಂದಿಲ್ಲ, ಎಲ್ಲಿ ಇರುವೆ ಸಾಲು ಕಂಡಿತೋ ಅಲ್ಲೇ ಅದರ ವಾಕಿಂಗ್.

ಹಂತ 2: ಜಾಗಕ್ಕೆ ತಕ್ಕಂತೆ ದೂರ

ದಾರಿಯನ್ನು ಮನಸ್ಸಿನಲ್ಲೇ ಮೂರು ಬಗೆಯ ಜಾಗಗಳಾಗಿ ವಿಂಗಡಿಸಿಕೊಳ್ಳಿ.

ಕೈ ಜಾಗ: ವಾಹನ ಓಡಾಡುವ ರಸ್ತೆ, ರಸ್ತೆ ದಾಟುವ ಕಡೆ, ಪಾರ್ಕಿಂಗ್, ಅಪಾರ್ಟ್‌ಮೆಂಟಿನ ಬೇಸ್‌ಮೆಂಟು, ರೈಲ್ವೆ ಪ್ಲಾಟ್‌ಫಾರ್ಮು. ಇಲ್ಲಿ ಕೈ ನಿಮ್ಮ ಕೈಯಲ್ಲಿ, ಇಲ್ಲ ಮಗು ನಿಮ್ಮ ಸೊಂಟದ ಮೇಲೆ.

ತೋಳು ಜಾಗ: ಸುಮಾರಾಗಿರುವ ಫುಟ್‌ಪಾತ್, ಮೆಟ್ಟಿಲು, ಕೆರೆ ಏರಿ, ಕಲ್ಯಾಣಿ ಸುತ್ತ, ಪರಿಚಯವಿಲ್ಲದ ನಾಯಿ ಇರುವ ಕಡೆ. ಕೈ ಹಿಡಿಯದಿದ್ದರೂ, ತೋಳು ಚಾಚಿದರೆ ಮಗು ಸಿಗಬೇಕು. ಫುಟ್‌ಪಾತಿನಲ್ಲಿ ನೀವು ಯಾವಾಗಲೂ ರಸ್ತೆ ಬದಿಗೆ, ಮಗು ಗೋಡೆ ಬದಿಗೆ.

ಕಣ್ಣು ಜಾಗ: ಸುತ್ತ ಬೇಲಿ, ಒಂದೇ ಗೇಟು ಇರುವ ಪಾರ್ಕು, ಮುಚ್ಚಿದ ಕಾಂಪೌಂಡು, ಬಯಲು. ಇಲ್ಲಿ ಬಿಟ್ಟುಬಿಡಿ. ಹತ್ತು ಹದಿನೈದು ಹೆಜ್ಜೆ ದೂರದಲ್ಲಿರಲಿ. ನೀವು ಗೇಟಿಗೆ ಹತ್ತಿರ ಇರುವಂತೆ ನಿಂತರೆ ಸಾಕು.

ಬಹಳ ಜನ ಮಾಡುವುದು ಉಲ್ಟಾ. ಪಾರ್ಕಿನ ಒಳಗೆ ಮಗುವಿನ ಹಿಂದೆ ಬಾಗಿಕೊಂಡು ತಿರುಗುತ್ತಾರೆ. ರಸ್ತೆಗೆ ಬಂದಾಗ ಮೊಬೈಲ್ ನೋಡುತ್ತಾ 'ಬಾ ಬಾ' ಅನ್ನುತ್ತಾರೆ.

ಮಗುವಿಗೂ ಈ ಮೂರು ಜಾಗ ಬೇಗ ಗೊತ್ತಾಗುತ್ತದೆ, ನಾವು ಬದಲಿಸದಿದ್ದರೆ. ರಸ್ತೆ ಬಂತು ಅಂದರೆ ಕೈ ಅಂತ ದಿನಾ ಇರಬೇಕು. ಒಂದು ದಿನ 'ಸುಮ್ನೆ ಬಿಡು, ಗಾಡಿ ಇಲ್ಲ' ಅಂತ ಬಿಟ್ಟರೆ ಮಾರನೇ ದಿನದಿಂದ ಜಗಳ ಶುರು. ಕೈ ಕೊಡಲು ಒಪ್ಪದಿದ್ದರೆ ಎರಡು ಆಯ್ಕೆ ಕೊಡಿ: 'ಕೈ ಹಿಡ್ಕೊಂಡು ಬರ್ತೀಯಾ, ಎತ್ಕೊಳ್ಳಲಾ?' ಮೂರನೆಯದು ಇಲ್ಲ. ಅತ್ತರೆ ಅಳಲಿ, ಎತ್ತಿಕೊಂಡೇ ದಾಟಿ.

ಕೈ ಹಿಡಿಯುವ ರೀತಿಯ ಬಗ್ಗೆ ಒಂದು ಮಾತು. ಓಡುವ ಮಗುವನ್ನು ಒಂದೇ ಕೈ ಹಿಡಿದು ಜೋರಾಗಿ ಜಗ್ಗಬೇಡಿ. ಐದು ವರ್ಷದೊಳಗಿನ ಮಕ್ಕಳಲ್ಲಿ ಮೊಣಕೈ ಹತ್ತಿರದ ಮೂಳೆಯನ್ನು ಹಿಡಿದಿರುವ ಪಟ್ಟಿ ಸಡಿಲ, ಜಗ್ಗಿದರೆ ಮೂಳೆ ಜಾರುತ್ತದೆ. ಅಪ್ಪ ಒಂದು ಕೈ, ಅಮ್ಮ ಒಂದು ಕೈ ಹಿಡಿದು ಮಗುವನ್ನು ಜೋಕಾಲಿ ಆಡಿಸುವುದರಿಂದಲೂ ಹೀಗಾಗುತ್ತದೆ. ಮಗು ಇದ್ದಕ್ಕಿದ್ದಂತೆ ಒಂದು ಕೈ ಆಡಿಸುವುದು ನಿಲ್ಲಿಸಿ, ಜೋಲು ಬಿಟ್ಟುಕೊಂಡಿದ್ದರೆ ಡಾಕ್ಟರ್ ಹತ್ತಿರ ಹೋಗಿ. ಸಾಮಾನ್ಯವಾಗಿ ಕೆಲವೇ ನಿಮಿಷದಲ್ಲಿ ಸರಿ ಕೂರಿಸುತ್ತಾರೆ. ಮನೆಯಲ್ಲೇ ಎಳೆದು, ಎಣ್ಣೆ ಹಚ್ಚಿ ನೀವುವುದು ಬೇಡ.

ಬೆನ್ನಿಗೆ ಹಾಕುವ ಪಟ್ಟಿಯ ಬಗ್ಗೆ ಕೇಳುತ್ತಾರೆ. ಅದೇ, ಮಗುವಿಗೆ ಪುಟ್ಟ ಬ್ಯಾಗು, ಅದರಿಂದ ಒಂದು ಹಗ್ಗ ನಿಮ್ಮ ಕೈಗೆ. 'ನಾಯಿ ಕಟ್ಟಿದಂಗೆ ಕಟ್ಟಿದ್ದಾರೆ' ಅನ್ನುವವರು ಅನ್ನುತ್ತಾರೆ. ಜಾತ್ರೆ, ರೈಲ್ವೆ ಸ್ಟೇಷನ್, ದಸರಾ ಜನಜಂಗುಳಿಯಲ್ಲಿ, ಅದೂ ಇನ್ನೊಂದು ಕೂಸು ಕೈಯಲ್ಲಿದ್ದರೆ, ಅದು ಒಳ್ಳೆಯದೇ. ದಿನದ ವಾಕಿಂಗಿಗೆ ಬೇಡ. ಹಗ್ಗ ಇದ್ದರೆ ಮಗು ನಿಲ್ಲುವುದನ್ನು ಕಲಿಯುವುದಿಲ್ಲ.

ಹಂತ 3: 'ನಿಲ್ಲು' ಮನೆಯಲ್ಲೇ ಕಲಿಸಿ

ಇಡೀ ಬರಹದಲ್ಲಿ ಒಂದೇ ಹಂತ ಮಾಡಲು ನಿಮಗೆ ಸಮಯ ಇದ್ದರೆ, ಇದನ್ನು ಮಾಡಿ.

ಒಂದು ಮಾತು ಆರಿಸಿಕೊಳ್ಳಿ. 'ನಿಲ್ಲು' ಆಗಲಿ, 'ಸ್ಟಾಪ್' ಆಗಲಿ, ಮನೆಯವರೆಲ್ಲ ಅದೇ ಮಾತು ಬಳಸಬೇಕು. ಅಮ್ಮ 'ನಿಂತ್ಕೋ', ಅಪ್ಪ 'ಸ್ಟಾಪ್', ಅಜ್ಜಿ 'ಏ ಏ ಏ' ಅಂದರೆ ಮಗುವಿಗೆ ಮೂರೂ ಸದ್ದು, ಅಷ್ಟೇ.

ಮೊದಲು ಹಾಲ್‌ನಲ್ಲಿ ಆಟವಾಗಿ ಶುರು ಮಾಡಿ. ಹಾಡು ಹಾಕಿ ಕುಣಿಯಿರಿ, ನಡುವೆ 'ನಿಲ್ಲು' ಅಂದು ನೀವೂ ಕಲ್ಲಾಗಿ ನಿಲ್ಲಿ. ನಾವೆಲ್ಲ ಆಡಿದ ಸ್ಟ್ಯಾಚು ಆಟವೇ ಇದು. ನಿಂತರೆ ಚಪ್ಪಾಳೆ. ಆಮೇಲೆ ಮಗುವಿಗೂ 'ನಿಲ್ಲು' ಹೇಳುವ ಅಧಿಕಾರ ಕೊಡಿ, ನೀವು ಓಡುತ್ತಾ ಇದ್ದವರು ಗಕ್ಕನೆ ನಿಲ್ಲಿ. ಇದು ಅವಕ್ಕೆ ಎಷ್ಟು ಖುಷಿ ಅಂದರೆ, ನಿಮಗೇ ಸುಸ್ತಾಗುವ ತನಕ ಬಿಡುವುದಿಲ್ಲ.

ಹಾಲ್‌ನಲ್ಲಿ ಸರಿಯಾಗಿ ನಿಲ್ಲುತ್ತದೆ ಅಂದಮೇಲೆ ಟೆರೇಸು ಅಥವಾ ಕಾಂಪೌಂಡು, ಆಮೇಲೆ ಪಾರ್ಕು, ಕೊನೆಗೆ ನಿಮ್ಮ ಕೈ ಹಿಡಿದುಕೊಂಡು ರಸ್ತೆ. ಈ ಕ್ರಮ ತಪ್ಪಿಸಬೇಡಿ. ಮನೆಯಲ್ಲಿ ಕೇಳುವ ಮಗು ಪಾರ್ಕಿನಲ್ಲಿ ಪಾರಿವಾಳ ಕಂಡಾಗ ಕೇಳುವುದಿಲ್ಲ. ಅದು ಹಟವಲ್ಲ. ಶುರು ಮಾಡಿದ ಓಟವನ್ನು ನಡುವೆ ತಡೆಯುವ ಶಕ್ತಿ ಆ ವಯಸ್ಸಿನ ಮಿದುಳಿಗೆ ಇನ್ನೂ ಬಂದಿರುವುದಿಲ್ಲ. ಆದ್ದರಿಂದ ಎಷ್ಟೇ ಚೆನ್ನಾಗಿ ಕಲಿತರೂ, ರಸ್ತೆಯಲ್ಲಿ ಈ 'ನಿಲ್ಲು' ನಿಮ್ಮ ಕೈಗೆ ಜೊತೆ ಮಾತ್ರ, ಕೈಯ ಬದಲು ಅಲ್ಲ.

ಮತ್ತೆ, ಈ ಮಾತನ್ನು ಚಿಲ್ಲರೆ ಕೆಲಸಕ್ಕೆ ಬಳಸಬೇಡಿ. ಮಣ್ಣು ಮುಟ್ಟಿದ್ದಕ್ಕೆ, ಶರ್ಟು ಒದ್ದೆ ಮಾಡಿಕೊಂಡಿದ್ದಕ್ಕೆ 'ನಿಲ್ಲು' ಬೇಡ.

'ಹುಷಾರು', 'ನಿಧಾನ' ಅನ್ನುವುದರಿಂದ ಮಗುವಿಗೆ ಏನು ಮಾಡಬೇಕು ಅಂತ ಗೊತ್ತಾಗುವುದಿಲ್ಲ. ಮಾಡಬೇಕಾದ್ದನ್ನೇ ಹೇಳಿ: 'ಎರಡೂ ಕೈಲಿ ಹಿಡ್ಕೋ', 'ಕಾಲು ಆ ಕಲ್ಲಿನ ಮೇಲಿಡು', 'ಇಲ್ಲಿ ಜಾರುತ್ತೆ, ಕೂತ್ಕೊಂಡು ಇಳಿ'. ಹಾಗೆಯೇ 'ಓಡಬೇಡ'ಕ್ಕಿಂತ 'ನನ್ನ ಜೊತೆ ನಡಿ' ಬೇಗ ತಲೆಗೆ ಹೋಗುತ್ತದೆ.

ಹಂತ 4: ಹೊರಡುವ ಮುಂಚೆ

ಊಟವಾಗಿ, ನಿದ್ದೆ ಆಗಿರುವ ಹೊತ್ತು ನೋಡಿ. ಹಸಿದ ಮಗು, ನಿದ್ದೆ ಬಂದ ಮಗು ಯಾರ ಮಾತೂ ಕೇಳುವುದಿಲ್ಲ. ಬೇಸಿಗೆಯಲ್ಲಿ ಬೆಳಗ್ಗೆ ಒಂಬತ್ತರೊಳಗೆ, ಇಲ್ಲ ಸಂಜೆ ನಾಲ್ಕೂವರೆ ಮೇಲೆ. ಡೆಂಗಿ ಹರಡುವ ಸೊಳ್ಳೆ ಹಗಲಲ್ಲೇ, ಅದರಲ್ಲೂ ಬೆಳಗ್ಗೆ ಮತ್ತು ಸೂರ್ಯ ಮುಳುಗುವ ಮುಂಚೆ ಜಾಸ್ತಿ ಕಚ್ಚುವುದರಿಂದ ಮಳೆಗಾಲದಲ್ಲಿ ತುಂಬು ತೋಳು, ಉದ್ದ ಪ್ಯಾಂಟು ಒಳ್ಳೆಯದು. ಬಣ್ಣ ಎದ್ದು ಕಾಣುವಂತಿರಲಿ: ಹಳದಿ, ಕಿತ್ತಳೆ, ಕೆಂಪು. ಬೂದು, ಕಂದು ಬಣ್ಣದ ಅಂಗಿ ಫೋಟೋಗೆ ಚೆಂದ, ಗಾಡಿ ಓಡಿಸುವವರ ಕಣ್ಣಿಗೆ ಬೀಳುವುದಿಲ್ಲ.

ಕುತ್ತಿಗೆಯಲ್ಲಿ ಏನೂ ಬೇಡ. ತಾಯತ, ಕಪ್ಪು ದಾರ, ಟೋಪಿಯ ಲಾಡಿ, ಉದ್ದ ಸ್ಕಾರ್ಫು ಜಾರುಬಂಡೆಯ ಕಂಬಿಗೋ ಜೋಕಾಲಿಗೋ ಸಿಕ್ಕಿಕೊಂಡರೆ ಉಸಿರು ಕಟ್ಟುತ್ತದೆ. ಅಜ್ಜಿ ಒಪ್ಪದಿದ್ದರೆ ದಾರವನ್ನು ಸೊಂಟಕ್ಕೆ ಕಟ್ಟಿಸಿ. ಚಿನ್ನ ಮನೆಯಲ್ಲೇ ಇರಲಿ.

ಕಾಲಿಗೆ ಹಿಮ್ಮಡಿ ಹಿಡಿದುಕೊಳ್ಳುವ ಚಪ್ಪಲಿ ಅಥವಾ ಶೂ. ಹವಾಯಿ ಚಪ್ಪಲಿಯಲ್ಲಿ ಎಡವುವುದು ಜಾಸ್ತಿ. ಗೆಜ್ಜೆ, ಪೀಂ ಪೀಂ ಅನ್ನುವ ಶೂ ಅಕ್ಕಪಕ್ಕದವರಿಗೆ ತಲೆನೋವು ಇರಬಹುದು, ಆದರೆ ನಾನು ಅದರ ಪಕ್ಷ. ಪೊದೆ ಹಿಂದೆ ಹೋದರೂ ಸದ್ದು ಕೇಳುತ್ತದೆ. ಸದ್ದು ನಿಂತರೆ ಏನೋ ಬಾಯಿಗೆ ಹೋಗುತ್ತಿದೆ ಅಂತಲೇ ಅರ್ಥ. ಗೆಜ್ಜೆಯ ಮಣಿ ಕಿತ್ತು ಬರುವಂತಿಲ್ಲ ಅಂತ ಮಾತ್ರ ಆಗಾಗ ನೋಡಿಕೊಳ್ಳಿ.

ಅಂಗಿಯ ಒಳಬದಿಗೆ ನಿಮ್ಮ ಫೋನ್ ನಂಬರ್ ಬರೆದಿರಲಿ. ಮಗುವಿನ ಹೆಸರನ್ನು ಹೊರಗೆ ಕಾಣುವಂತೆ ಬರೆಯುವುದು ಬೇಡ. ಜನ ಸೇರುವ ಕಡೆ ಹೋಗುವ ದಿನ ಹೊರಡುವಾಗ ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಆ ದಿನ ಹಾಕಿದ ಬಟ್ಟೆ ಕಾಣುವಂತೆ. ನೀರು, ಒಂದು ಬಾಳೆಹಣ್ಣು, ಒದ್ದೆ ಬಟ್ಟೆ. ಇಷ್ಟು ಸಾಕು, ಊರು ಬಿಟ್ಟು ಹೋಗುವವರ ಬ್ಯಾಗು ಬೇಡ.

ಹಂತ 5: ರಸ್ತೆ

ಒಂಬತ್ತು ಹತ್ತು ವರ್ಷದ ತನಕವೂ ಮಕ್ಕಳಿಗೆ ಬರುವ ವಾಹನದ ವೇಗ, ದೂರ ಸರಿಯಾಗಿ ಅಂದಾಜು ಸಿಗುವುದಿಲ್ಲ. ಎರಡು ವರ್ಷದ ಮಗುವಿಗೆ ಅದರ ಗಂಧವೂ ಇಲ್ಲ. ಹಾಗಾಗಿ ಈಗ ಕಲಿಸಬೇಕಾದ್ದು ರಸ್ತೆ ದಾಟುವುದನ್ನಲ್ಲ, ರಸ್ತೆ ಅಂಚಿಗೆ ಬಂದರೆ ನಿಲ್ಲುವುದನ್ನು. ಅಂಚು ಎಲ್ಲಿ ಅಂತ ತೋರಿಸಿ: 'ಇಲ್ಲಿ ಕಲ್ಲು ಮುಗೀತು. ಇಲ್ಲಿ ನಿಲ್ಲಬೇಕು.' ನಮ್ಮಲ್ಲಿ ಎಷ್ಟೋ ಕಡೆ ಫುಟ್‌ಪಾತೇ ಇಲ್ಲ. ಅಂಥ ಕಡೆ ಇಡೀ ದಾರಿಯೇ ಕೈ ಜಾಗ. ಎದುರಿನಿಂದ ಬರುವ ಗಾಡಿ ಕಾಣುವಂತೆ ಬಲಬದಿಯಲ್ಲಿ ನಡೆಯಿರಿ.

ದಾಟುವಾಗ ಜೋರಾಗಿ ಮಾತಾಡುತ್ತಾ ದಾಟಿ. 'ಈ ಕಡೆ ಬಸ್ಸು ಬರ್ತಿದೆ. ನಿಲ್ಲೋಣ. ಹೋಯ್ತು. ಆ ಕಡೆ ನೋಡೋಣ. ಯಾರೂ ಇಲ್ಲ. ಈಗ ಹೋಗೋಣ.' ಒನ್‌ವೇ ಆದರೂ ಎರಡೂ ಕಡೆ ನೋಡಿ, ಉಲ್ಟಾ ಬರುವ ಬೈಕಿಗೆ ನಮ್ಮಲ್ಲಿ ಬರವಿಲ್ಲ. ಕಿವಿಯನ್ನೇ ನಂಬುವ ಅಭ್ಯಾಸ ಬಿಡಿ. ಎಲೆಕ್ಟ್ರಿಕ್ ಸ್ಕೂಟರ್ ಪಕ್ಕಕ್ಕೆ ಬರುವ ತನಕ ಸದ್ದೇ ಮಾಡುವುದಿಲ್ಲ. ಫುಟ್‌ಪಾತಿನ ಮೇಲೂ ಬರುತ್ತದೆ, ಅದು ಬೇರೆ ವಿಷಯ.

ಹಿಮ್ಮುಖ ಬರುವ ಕಾರು ನನಗೆ ಎಲ್ಲಕ್ಕಿಂತ ಭಯ. ಡ್ರೈವರ್‌ಗೆ ಹಿಂದಿನ ಗಾಜಿನಲ್ಲಿ ಕಾಣುವುದಕ್ಕಿಂತ ಕೆಳಗೆ ಮಗುವಿನ ತಲೆ ಇರುತ್ತದೆ. ದೊಡ್ಡ ಕಾರುಗಳಲ್ಲಿ ಮುಂದೆ ನಿಂತ ಮಗುವೂ ಬಾನೆಟ್ ಮರೆಯಲ್ಲಿ ಕಾಣುವುದಿಲ್ಲ. ನಿಲ್ಲಿಸಿದ ಎರಡು ಕಾರುಗಳ ನಡುವೆ ನುಗ್ಗುವ ಆಟ ಮೊದಲ ಸಲವೇ ತಡೆಯಿರಿ. ಇಂಜಿನ್ ಶುರುವಾದ ಸದ್ದು ಕೇಳಿದರೆ, ಹಿಂದಿನ ಬಿಳಿ ದೀಪ ಹತ್ತಿದರೆ ಗೋಡೆಗೆ ಬೆನ್ನು ತಾಗಿಸಿ ನಿಲ್ಲುವ ಅಭ್ಯಾಸ ಮಾಡಿಸಿ. ಮಕ್ಕಳಿಗೆ ಇದೂ ಆಟವೇ. ನಿಮ್ಮದೇ ಮನೆಯ ಕಾರು ತೆಗೆಯುವಾಗಲೂ ಮಗು ಯಾರ ಕೈಯಲ್ಲಿದೆ ಅಂತ ನೋಡಿದ ಮೇಲೆಯೇ ಗೇರ್ ಹಾಕಿ. 'ಟಾಟಾ' ಮಾಡಲು ಓಡಿಬರುವ ಮಗು ಯಾವ ಕಡೆಯಿಂದ ಬರುತ್ತದೆ ಅಂತ ಹೇಳಲಾಗದು.

ಮಳೆಗಾಲದಲ್ಲಿ ಎರಡು ನಿಯಮ. ರಸ್ತೆಯಲ್ಲಿ ನಿಂತ ನೀರಿಗೆ ಇಳಿಸಬೇಡಿ, ಅದರ ಅಡಿಯಲ್ಲಿ ಮ್ಯಾನ್‌ಹೋಲ್ ಮುಚ್ಚಳ ಇದೆಯೋ ಇಲ್ಲವೋ ಗೊತ್ತಿರುವುದಿಲ್ಲ. ಕಂಬ, ಟ್ರಾನ್ಸ್‌ಫಾರ್ಮರ್ ಬೇಲಿ, ಅಂಗಡಿಯ ಕಬ್ಬಿಣದ ಬೋರ್ಡು ಮುಟ್ಟಲು ಬಿಡಬೇಡಿ. ಆದರೆ ಪಾರ್ಕಿನ ಒಳಗಿನ, ತಳ ಕಾಣುವ ಕೊಚ್ಚೆಯಲ್ಲಿ ಧಾರಾಳವಾಗಿ ಕುಣಿಯಲಿ. ಬಟ್ಟೆ ಒಗೆಯಬಹುದು.

ನೀರು, ಗುಂಡಿ

ಮುಳುಗುವ ಮಗು ಕಿರುಚುವುದಿಲ್ಲ. ಮೂಗು ಬಾಯಿ ಮುಚ್ಚುವಷ್ಟು ನೀರು, ಒಂದೆರಡು ನಿಮಿಷ, ಅಷ್ಟೇ ಸಾಕು. ಅದಕ್ಕೆ ನೀರಿನ ಹತ್ತಿರ ಯಾವಾಗಲೂ ತೋಳಿನ ಅಳತೆ, ಮೊಬೈಲ್ ಜೇಬಲ್ಲಿ.

ಊರೂರಿಗೆ ಅಪಾಯದ ರೂಪ ಬೇರೆ. ಬಯಲುಸೀಮೆಯಲ್ಲಿ ಕೃಷಿ ಹೊಂಡ: ಒಳಗೆ ಹಾಸಿದ ಪ್ಲಾಸ್ಟಿಕ್ ಜಾರುವುದರಿಂದ ದೊಡ್ಡವರಿಗೇ ಹತ್ತಿ ಬರಲು ಆಗುವುದಿಲ್ಲ, ಮಗುವಿನ ಹಿಂದೆ ಹಾರಿದವರೂ ಸಿಕ್ಕಿಬೀಳುತ್ತಾರೆ. ಸುತ್ತ ಬೇಲಿ ಇಲ್ಲದ ಹೊಂಡದ ಕಡೆಗೆ ಮಗುವಿನ ಜೊತೆ ಹೋಗಲೇಬೇಡಿ. ಕರಾವಳಿಯಲ್ಲಿ ಕೆಂಪುಕಲ್ಲು ತೆಗೆದು ಬಿಟ್ಟ ಗುಂಡಿ ಮಳೆಗಾಲದಲ್ಲಿ ತುಂಬಿ ನಿಲ್ಲುತ್ತದೆ. ಮಲೆನಾಡಿನಲ್ಲಿ ತೋಟದ ಬಸಿಗಾಲುವೆ, ಆವರಣವಿಲ್ಲದ ಬಾವಿ. (ಉಂಬಳ, ಅಂದರೆ ಜಿಗಣೆ, ಹತ್ತಿದರೆ ಗಾಬರಿ ಬೇಡ, ತೆಗೆದು ತೊಳೆದರೆ ಆಯ್ತು.)

ಕೊಳವೆಬಾವಿ ಎಲ್ಲ ಕಡೆಯೂ ಇದೆ. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಎರಡು ವರ್ಷವೂ ತುಂಬದ ಗಂಡುಮಗು ಕೊಳವೆಬಾವಿಗೆ ಬಿದ್ದು, ಸುಮಾರು 20 ಗಂಟೆಗಳ ಮೇಲೆ ಬದುಕಿ ಬಂದಿತು. ಎಲ್ಲರಿಗೂ ಆ ಅದೃಷ್ಟ ಇರುವುದಿಲ್ಲ. ಮನೆಯ ಹತ್ತಿರ ಹೊಸದಾಗಿ ಬೋರ್ ಕೊರೆಸಿದ್ದರೆ, ಕೇಸಿಂಗ್ ಪೈಪಿಗೆ ಮುಚ್ಚಳ ಬಿಗಿದಿದ್ದಾರಾ ಅಂತ ನೀವೇ ಹೋಗಿ ನೋಡಿ. ಕೇಳಲು ಸಂಕೋಚ ಬೇಡ.

ನಾಯಿ, ಹಸು, ಮಂಗ

ಪುಟ್ಟ ಮಕ್ಕಳಿಗೆ ನಾಯಿ ಕಚ್ಚುವುದು ಹೆಚ್ಚಾಗಿ ಮುಖ, ತಲೆ, ಕುತ್ತಿಗೆಗೆ. ಎತ್ತರ ಅಷ್ಟೇ ಇರುತ್ತದಲ್ಲ. ತಿನ್ನುತ್ತಿರುವ ನಾಯಿ, ಮಲಗಿರುವ ನಾಯಿ, ಮರಿ ಹಾಕಿದ ನಾಯಿ, ಈ ಮೂರರ ಹತ್ತಿರ ಹೋಗುವುದಿಲ್ಲ ಅನ್ನುವುದು ಮನೆಯ ಕಾನೂನಾಗಲಿ. ಪರಿಚಯದ ಸಾಕುನಾಯಿಯನ್ನೂ ಯಜಮಾನರನ್ನು ಕೇಳಿದ ಮೇಲೆಯೇ ಮುಟ್ಟುವುದು. ನಾಯಿ ಎದುರು ಬಂದರೆ ಓಡಬೇಡಿ, ಕಿರುಚಬೇಡಿ. ನಾಯಿ ಮತ್ತು ಮಗುವಿನ ನಡುವೆ ನೀವು ನಿಂತು, ಮಗುವನ್ನು ಮೆಲ್ಲಗೆ ಎತ್ತಿಕೊಂಡು, ಅದರ ಕಣ್ಣು ದಿಟ್ಟಿಸದೆ ಪಕ್ಕಕ್ಕೆ ಸರಿಯಿರಿ. ನಾಯಿ ಅಂದರೆ ಭೂತ ಅಂತ ಹೆದರಿಸುವುದೂ ತಪ್ಪು. ಹೆದರಿದ ಮಗು ಓಡುತ್ತದೆ, ಓಡುವುದನ್ನು ನಾಯಿ ಅಟ್ಟುತ್ತದೆ.

ಕಚ್ಚಿದರೆ, ಪರಚಿದರೆ, ಗಾಯ ಚಿಕ್ಕದು ಅಂತ ಬಿಡಬೇಡಿ. ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದಪುಡಿ ಏನನ್ನೂ ಹಚ್ಚಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಶುರು ಮಾಡಿಸಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಚರ್ಮಕ್ಕೆ ಕೊಡುವುದಾದರೆ 0 (ಅಂದರೆ ಲಸಿಕೆ ಶುರುವಾದ ದಿನ), 3, 7, 28ನೇ ದಿನ. ಸ್ನಾಯುವಿಗೆ ಕೊಡುವುದಾದರೆ 14ನೇ ದಿನವೂ ಸೇರುತ್ತದೆ. ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೋಗ್ಲೋಬ್ಯುಲಿನ್ ಚುಚ್ಚುಮದ್ದೂ ಬೇಕು, ಕೇಳಿ ಹಾಕಿಸಿಕೊಳ್ಳಿ. ಲಸಿಕೆಯ ಕೊನೆಯ ಡೋಸನ್ನು ಮರೆಯಬೇಡಿ.

ಹಸುವಿನ ಹಿಂದೆ ನಿಲ್ಲಿಸಬೇಡಿ, ಕರು ಮುಟ್ಟಿಸಬೇಡಿ. ಚಾಮುಂಡಿ ಬೆಟ್ಟದಂಥ ಕಡೆ ಮಗುವಿನ ಕೈಗೆ ತಿಂಡಿ, ಪ್ಲಾಸ್ಟಿಕ್ ಕವರ್ ಕೊಡಬೇಡಿ. ಮಂಗ ಕಿತ್ತುಕೊಳ್ಳಲು ಬಂದರೆ ಕೊಟ್ಟುಬಿಡುವುದೇ ಜಾಣತನ.

ಹಂತ 6: ಪಾರ್ಕಿನಲ್ಲಿ ಕೈ ಬಿಡುವುದು

ಇಲ್ಲಿಯ ತನಕ ಹಿಡಿದದ್ದು ಇಲ್ಲಿ ಬಿಡಲಿಕ್ಕಾಗಿ. ಜಾಗ ಚೆನ್ನಾಗಿ ಆರಿಸಿ. ಕಬ್ಬನ್ ಪಾರ್ಕಿನಲ್ಲಿ ಭಾನುವಾರ ವಾಹನ ಬಿಡುವುದಿಲ್ಲ, ಆ ದಿನ ಓಡಿಸಲು ಅದಕ್ಕಿಂತ ಒಳ್ಳೆಯ ಜಾಗ ಬೆಂಗಳೂರಿನ ನಡುವೆ ಸಿಗುವುದು ಕಷ್ಟ. ಲಾಲ್‌ಬಾಗಿನ ಬಂಡೆ ಹತ್ತಲು ಚೆನ್ನ, ಕೆರೆ ಅಂಚು ಮಾತ್ರ ತೋಳು ಜಾಗ. ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯೂ ಹಾಗೇ, ನೀರಿನ ಬದಿಗೆ ನೀವಿರಬೇಕು.

ಏನೇನು ಮಾಡಲು ಬಿಡಬೇಕು? ತನಗೆ ತಾನೇ ಹತ್ತಲು ಆಗುವಷ್ಟು ಎತ್ತರ ಹತ್ತಲಿ. ನೀವು ಎತ್ತಿ ಕೂರಿಸಬೇಡಿ. ತಾನೇ ಹತ್ತಿದ ಮಗುವಿಗೆ ಸಾಮಾನ್ಯವಾಗಿ ಇಳಿಯುವ ದಾರಿಯೂ ಹೊಳೆಯುತ್ತದೆ, ನಾವು ಹತ್ತಿಸಿದ ಮಗು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಕೆಳಗೆ ಮಣ್ಣೋ ಮರಳೋ ಹುಲ್ಲೋ ಇದೆಯಾ ನೋಡಿ. ಸಿಮೆಂಟು ಇದ್ದರೆ ಎತ್ತರ ಕಡಿಮೆ ಇರಲಿ. ಮರದ ಬೇರಿನ ಮೇಲೆ ನಡೆಯಲಿ, ಇಳಿಜಾರಲ್ಲಿ ಓಡಲಿ, ಕೋಲು ಎಳೆದುಕೊಂಡು ತಿರುಗಲಿ. ಕೋಲು ಹಿಡಿದು ಓಡುವುದು ಮಾತ್ರ ಬೇಡ.

ಮಗು ಏನೋ ಹೊಸದು ಶುರು ಮಾಡಿದಾಗ ಬಾಯಿ ತೆರೆಯುವ ಮುಂಚೆ ಮನಸ್ಸಿನಲ್ಲೇ ಹತ್ತು ಎಣಿಸಿ. ಅಷ್ಟರಲ್ಲಿ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ತಪ್ಪಿದರೆ ಮಂಡಿ ತರಚುತ್ತದಾ, ಇಲ್ಲ ಆಸ್ಪತ್ರೆಗೆ ಹೋಗಬೇಕಾಗುತ್ತದಾ? ಮಂಡಿಯಾದರೆ ಸುಮ್ಮನಿರಿ, ಹತ್ತಿರ ಹೋಗಿ ನಿಲ್ಲಿ, ಅಷ್ಟೇ.

ಪಾರ್ಕಿನಲ್ಲಿ ನಾವು ಅಪಾಯ ಅಂದುಕೊಳ್ಳದ ಕೆಲವು ಸಂಗತಿ ನಿಜವಾಗಿ ಅಪಾಯ. ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ಜಾರುಬಂಡೆ ಇಳಿಯುವುದು ಒಂದು. ನೋಡಲು ಬಹಳ ಸುರಕ್ಷಿತ. ಆದರೆ ಮಗುವಿನ ಶೂ ಅಂಚಿಗೆ ಸಿಕ್ಕಿಕೊಂಡಾಗ ಹಿಂದಿನಿಂದ ದೊಡ್ಡವರ ಭಾರ ತಳ್ಳಿ ಕಾಲಿನ ಮೂಳೆ ಮುರಿಯುತ್ತದೆ. ಒಂಟಿಯಾಗಿ ಇಳಿದರೆ ಹೀಗಾಗುವುದು ಕಡಿಮೆ. ತಾನೇ ಇಳಿಯಲು ಆಗದಿದ್ದರೆ ಇನ್ನೂ ಆ ಜಾರುಬಂಡೆಗೆ ವಯಸ್ಸಾಗಿಲ್ಲ. ಎರಡನೆಯದು ಓಪನ್ ಜಿಮ್. ದೊಡ್ಡವರು ಕೈಕಾಲು ಆಡಿಸುವ ಆ ಕಬ್ಬಿಣದ ಯಂತ್ರಗಳ ಕೀಲಿಗೆ ಪುಟ್ಟ ಬೆರಳು ಸಿಕ್ಕರೆ ಜಜ್ಜಿಹೋಗುತ್ತದೆ, ತೂಗುವ ಪೆಡಲು ತಲೆಗೆ ಬಡಿಯುತ್ತದೆ. ಅದು ಆಟದ ಸಾಮಾನಲ್ಲ. ಮೂರನೆಯದು ಬಿಸಿಲಲ್ಲಿ ಕಾದ ತಗಡಿನ ಜಾರುಬಂಡೆ, ನಿಮ್ಮ ಅಂಗೈ ಹಿಂಬದಿ ಇಟ್ಟು ನೋಡಿ. ಜೋಕಾಲಿ ಆಡುತ್ತಿರುವವರ ಮುಂದೆ ಹಿಂದೆ ಹಾಯದಂತೆ ಸುತ್ತು ಹಾಕಿ ಹೋಗುವುದನ್ನು ಕಲಿಸಿ.

ಬಾಯಿಗೆ ಹೋಗುವುದರ ಬಗ್ಗೆ. ಮಣ್ಣು ಒಂದಿಷ್ಟು ಹೋದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಬಾಯಿ ತೊಳೆಸಿ. ಗಿಡಗಳಲ್ಲಿ ಮಾತ್ರ ಕೆಲವನ್ನು ಗುರುತು ಹಿಡಿಯಲು ನೀವು ಕಲಿಯಬೇಕು. ಕಣಗಿಲೆ, ಅದರಲ್ಲೂ ಹಳದಿ ಕಣಗಿಲೆಯ ಕಾಯಿ ಹೃದಯದ ಬಡಿತವನ್ನೇ ಕೆಡಿಸುವ ವಿಷ. ಇದನ್ನೇ ನಾವು ರಸ್ತೆ ನಡುವೆ, ಪಾರ್ಕಿನ ಬೇಲಿಗೆ ಸಾಲಾಗಿ ನೆಡುತ್ತೇವೆ! ಉಮ್ಮತ್ತಿ, ಗುಲಗಂಜಿ, ಹರಳು, ಕಾಡುಹರಳಿನ ಬೀಜವೂ ವಿಷ. ತಿಂದ ಅನುಮಾನ ಬಂದರೆ ವಾಂತಿ ಮಾಡಿಸಲು ಹೋಗದೆ, ಗಿಡದ ಒಂದು ತುಂಡು ಕೈಯಲ್ಲಿ ಹಿಡಿದು ಸೀದಾ ಆಸ್ಪತ್ರೆಗೆ ಓಡಿ.

ಓಡುತ್ತಾ ತಿನ್ನುವುದು ಬೇಡವೇ ಬೇಡ. ಕಡಲೆಕಾಯಿ, ಪಾಪ್‌ಕಾರ್ನ್, ಗಟ್ಟಿ ಮಿಠಾಯಿ ನಾಲ್ಕು ವರ್ಷದ ತನಕ ಕೊಡಲೇಬಾರದು, ದ್ರಾಕ್ಷಿ ಸೀಳಿ ಕೊಡಬೇಕು. ಗಂಟಲಿಗೆ ಸಿಕ್ಕಿ ಕೆಮ್ಮಲೂ ಆಗದಿದ್ದರೆ, ಒಂದು ವರ್ಷ ದಾಟಿದ ಮಗುವನ್ನು ಮುಂದಕ್ಕೆ ಬಗ್ಗಿಸಿ ಬೆನ್ನಿನ ಎರಡು ರೆಕ್ಕೆಮೂಳೆಗಳ ನಡುವೆ ಅಂಗೈಯಿಂದ ಐದು ಸಲ ಬಡಿಯಿರಿ. ಬಾರದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕುಳಿಗಿಂತ ಸ್ವಲ್ಪ ಮೇಲೆ ಮುಷ್ಟಿಯಿಟ್ಟು ಒಳಕ್ಕೆ ಮೇಲಕ್ಕೆ ಐದು ಸಲ ಒತ್ತಿ. ಹೊರಬರುವ ತನಕ ಇದನ್ನೇ ಮತ್ತೆ ಮತ್ತೆ ಮಾಡಿ, ಪಕ್ಕದವರಿಂದ 108ಕ್ಕೆ ಫೋನ್ ಮಾಡಿಸಿ. ಕಾಣದ ವಸ್ತುವಿಗಾಗಿ ಬೆರಳು ಹಾಕಿ ತಡಕಬೇಡಿ, ಇನ್ನೂ ಒಳಗೆ ಹೋಗುತ್ತದೆ.

ಬಿದ್ದರೆ

ಬೀಳುತ್ತದೆ. ಬಿದ್ದ ಮಗು ಮೊದಲು ನೋಡುವುದು ನಿಮ್ಮ ಮುಖವನ್ನು. ನೀವು 'ಅಯ್ಯೋ' ಅಂದರೆ ಅಳುತ್ತದೆ, 'ಬಿದ್ಯಾ? ಏಳು' ಅಂದರೆ ಬಹಳ ಸಲ ಎದ್ದು ಓಡುತ್ತದೆ. ನೆಲಕ್ಕೆ ಹೊಡೆದು 'ನಿನ್ನ ಬೀಳಿಸ್ತಾ ಇದು' ಅನ್ನುವ ನಮ್ಮ ಪದ್ಧತಿ ನನಗೆ ಇಷ್ಟವಿಲ್ಲ, ಆ ಕಲ್ಲಿನ ಮೇಲೆ ಕಾಲು ಹೇಗಿಡಬೇಕು ಅಂತ ತೋರಿಸುವುದು ಮೇಲು. ತರಚಿದ್ದನ್ನು ನೀರು, ಸೋಪಿನಲ್ಲಿ ತೊಳೆಯಿರಿ. ಕಾಫಿಪುಡಿ ಬೇಡ. 16ರಿಂದ 24 ತಿಂಗಳ ನಡುವಿನ ಡಿಪಿಟಿ ಬೂಸ್ಟರ್ ಆಗಿದೆಯಾ ಅಂತ ಕಾರ್ಡು ನೋಡಿಕೊಳ್ಳಿ, ಧನುರ್ವಾಯುವಿನ ರಕ್ಷಣೆ ಅದರಲ್ಲಿದೆ.

ತಲೆಗೆ ಪೆಟ್ಟಾಗಿ ಪ್ರಜ್ಞೆ ತಪ್ಪಿದರೆ, ಮತ್ತೆ ಮತ್ತೆ ವಾಂತಿ ಆದರೆ, ಎಬ್ಬಿಸಿದರೂ ಏಳದ ಮಂಪರು ಇದ್ದರೆ, ಫಿಟ್ಸ್ ಬಂದರೆ, ಕಿವಿ ಮೂಗಿನಿಂದ ರಕ್ತವೋ ನೀರೋ ಬಂದರೆ ತಡಮಾಡದೆ ಆಸ್ಪತ್ರೆ.

ಕಣ್ಣಿಗೆ ಕಾಣದೇ ಹೋದರೆ

'ಪೊಲೀಸ್ ಮಾಮ ಹಿಡ್ಕೊಂಡು ಹೋಗ್ತಾರೆ' ಅಂತ ಹೆದರಿಸುವುದನ್ನು ಇವತ್ತೇ ನಿಲ್ಲಿಸಿ. ಕಳೆದುಹೋದ ದಿನ ಅದೇ ಮಾಮನ ಹತ್ತಿರ ಅದು ಹೋಗಬೇಕಲ್ಲವಾ? ಗುಮ್ಮನೂ ಬೇಡ.

ಕಾಣದ ಕೂಡಲೇ ಮೊದಲು ನೀರು ಮತ್ತು ರಸ್ತೆ ಕಡೆ ನೋಡಿ, ಆಮೇಲೆ ಪೊದೆ, ಶೌಚಾಲಯ. ಸಂಕೋಚ ಬಿಟ್ಟು ಜೋರಾಗಿ ಕೂಗಿ ಹೇಳಿ: 'ಹಳದಿ ಅಂಗಿ, ಎರಡು ವರ್ಷದ ಹುಡುಗಿ, ನೋಡಿದ್ರಾ?' ಒಬ್ಬರು ಗೇಟಿಗೆ ಓಡಲಿ. ಕೆಲವು ನಿಮಿಷದಲ್ಲಿ ಸಿಗದಿದ್ದರೆ 112ಕ್ಕೆ ಫೋನ್ ಮಾಡಿ, ಹೊರಡುವಾಗ ತೆಗೆದ ಫೋಟೋ ತೋರಿಸಿ. 1098 ಮಕ್ಕಳ ಸಹಾಯವಾಣಿಯೂ ಇದೆ.

ಅಜ್ಜ ಅಜ್ಜಿ ಕರೆದುಕೊಂಡು ಹೋಗುವಾಗ

ಹೆದರಿಕೆ ಅವರಿಗೆ ಜಾಸ್ತಿ ಇರುತ್ತದೆ, ಅದಕ್ಕೆ ಕಾರಣವೂ ಇದೆ. ಮಗು ಓಡಿದರೆ ಅವರಿಂದ ಹಿಡಿಯಲು ಆಗುವುದಿಲ್ಲ. ಅವರ ಜೊತೆ ಹೋಗುವ ದಿನ ದಾರಿಯನ್ನೇ ಬದಲಿಸಿ: ಮನೆಯಿಂದ ಪಾರ್ಕಿನ ತನಕ ನೀವು ಬಿಟ್ಟು ಬನ್ನಿ, ಒಳಗೆ ಅವರು ನೋಡಿಕೊಳ್ಳಲಿ. ಅಥವಾ ಗೇಟು ಹಾಕಿದ ಕಾಂಪೌಂಡೇ ಸಾಕು. ನಿಯಮಗಳ ಉದ್ದ ಪಟ್ಟಿ ಕೊಟ್ಟರೆ ಯಾರೂ ಪಾಲಿಸುವುದಿಲ್ಲ. ಎರಡೇ ಹೇಳಿ: ರಸ್ತೆಯಲ್ಲಿ ಕೈ, ನೀರಿನ ಹತ್ತಿರ ತೋಳು. ಮಗುವನ್ನು ನೋಡಿಕೊಳ್ಳುವ ಆಯಾ ಇದ್ದರೆ ಅವರಿಗೂ ಅದೇ ಎರಡು.

ಹಂತ 7: ವಾಪಸ್ ಬರುವುದು, ಮುಂದಕ್ಕೆ ಹೋಗುವುದು

ಜಗಳ, ಎಡವುವುದು, ರಸ್ತೆಗೆ ನುಗ್ಗುವುದು, ಇವೆಲ್ಲ ಸುಸ್ತಾದ ಮೇಲೆ ಜಾಸ್ತಿ. ಹೋಗುವ ದೂರವನ್ನು ಲೆಕ್ಕ ಹಾಕುವಾಗ ಒಂದು ಮಾತು ನೆನಪಿರಲಿ: ವಾಪಸ್ ಬರುವಾಗ ಎತ್ತಿಕೊಂಡು ಬರಲು ನಿಮ್ಮ ಸೊಂಟಕ್ಕೆ ಎಷ್ಟು ದೂರ ಆಗುತ್ತದೋ ಅಷ್ಟೇ ದೂರ ಹೋಗಿ. ಹೊರಡುವ ಐದು ನಿಮಿಷ ಮುಂಚೆಯೇ ಹೇಳಿ, 'ಇನ್ನೆರಡು ಸಲ ಜಾರು, ಆಮೇಲೆ ಮನೆ'. ಎರಡು ಅಂದರೆ ಎರಡೇ.

ಸ್ವಾತಂತ್ರ್ಯವನ್ನು ವಯಸ್ಸು ನೋಡಿ ಹೆಚ್ಚಿಸಬೇಡಿ, ನಡತೆ ನೋಡಿ ಹೆಚ್ಚಿಸಿ. ಕರೆದಾಗ ಹತ್ತರಲ್ಲಿ ಎಂಟು ಸಲ ನಿಂತರೆ ಪಾರ್ಕಿನಲ್ಲಿ ಇನ್ನೈದು ಹೆಜ್ಜೆ ದೂರ ಬಿಡಿ. ರಸ್ತೆ ಅಂಚಿನಲ್ಲಿ ತಾನಾಗಿಯೇ ನಿಂತು ಕೈ ಚಾಚಿದರೆ, ಫುಟ್‌ಪಾತ್ ಚೆನ್ನಾಗಿರುವ ಕಡೆ ಮುಂದಿನ ಕಂಬದ ತನಕ ಮುಂದೆ ಓಡಲಿ, ಅಲ್ಲಿ ನಿಮಗಾಗಿ ಕಾಯಲಿ. ಒಂದು ವಾರ ಕೇಳದೇ ಹೋದರೆ ಬೈಯದೆ ಒಂದು ಹೆಜ್ಜೆ ಹಿಂದಕ್ಕೆ ಬನ್ನಿ. ಹಲ್ಲು ಬರುವಾಗ, ಜ್ವರ ಬಂದು ಹೋದ ಮೇಲೆ, ಮನೆಗೆ ಹೊಸ ತಮ್ಮನೋ ತಂಗಿಯೋ ಬಂದಾಗ ಹೀಗಾಗುವುದು ಸಹಜ. ಮತ್ತೆ ಹಾಲ್‌ನಲ್ಲಿ ಸ್ಟ್ಯಾಚು ಆಟದಿಂದ ಶುರು ಮಾಡಿ, ಈ ಸಲ ಬೇಗ ಹತ್ತುತ್ತದೆ.